ಅಕ್ಕನ ಪವರ್ ಮಷೀನು

ಹೊಲಿಗೆ ಯಂತ್ರದ ಸದ್ದು ಕೇಳಿಸದ ಬೀದಿ ನಮ್ಮ ಊರುಗಳಲ್ಲಿ ಇಲ್ಲವೆಂದೇ ಹೇಳಬೇಕು. ಹಬ್ಬ ಹತ್ತಿರವಾದರೆ ದರ್ಜಿಯ ಅಂಗಡಿಯಲ್ಲಿ ನಡುರಾತ್ರಿಯಾದರೂ ಅದು ನಿಲ್ಲುವುದಿಲ್ಲ. ಶಾಲೆ ತೆರೆಯುವ ದಿನಗಳಲ್ಲಂತೂ ಸಮವಸ್ತ್ರದ ರಾಶಿಯ ನಡುವೆ ಯಂತ್ರವೂ ಕಾಣುವುದಿಲ್ಲ, ದರ್ಜಿಯೂ ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತಿರುತ್ತದೆ. ಇಷ್ಟು ಪರಿಚಿತವಾದ ಈ ಯಂತ್ರದಲ್ಲಿ ಮೇಲಿನ ದಾರವೂ ಕೆಳಗಿನ ದಾರವೂ ಒಂದನ್ನೊಂದು ಹೇಗೆ ಹೆಣೆದುಕೊಳ್ಳುತ್ತವೆ ಎಂದು ಕೇಳಿದರೆ ಮಾತ್ರ ನಮ್ಮಲ್ಲಿ ಬಹುಮಂದಿ ತಲೆ ಕೆರೆದುಕೊಳ್ಳುತ್ತೇವೆ.

ನೀವೇ ಯೋಚಿಸಿ ನೋಡಿ. ಕೈಯಲ್ಲಿ ಹೊಲಿಯುವಾಗ ಸೂಜಿ ಬಟ್ಟೆಯನ್ನು ದಾಟಿ ಆಚೆ ಹೋಗಿ, ತಿರುಗಿ ಈಚೆ ಬರುತ್ತದೆ. ಯಂತ್ರದ ಸೂಜಿಗೆ ಆ ಸ್ವಾತಂತ್ರ್ಯವಿಲ್ಲ. ಅದರ ತಲೆ ಮೇಲಿನ ಹಿಡಿಯಲ್ಲಿ ಭದ್ರವಾಗಿ ಸಿಕ್ಕಿಕೊಂಡಿರುತ್ತದೆ. ಕೆಳಗಿನ ದಾರವೋ ಬಾಬಿನ್ನಿಗೆ ಸುತ್ತಿಕೊಂಡು ತನ್ನ ಗೂಡಿನಲ್ಲಿ ಕೂತಿರುತ್ತದೆ. ಆದರೂ ಕ್ಷಣಾರ್ಧದಲ್ಲಿ ಎರಡೂ ಸೇರಿ ಗಟ್ಟಿಯಾದ ಹೊಲಿಗೆ ಬೀಳುತ್ತದೆ. ಪಾಲಿಟೆಕ್ನಿಕ್ಕಿನಲ್ಲಿ ಯಂತ್ರಗಳ ಪಾಠ ಹೇಳುವ ನನಗೆ ಇದರ ಉತ್ತರ ಕಪ್ಪುಹಲಗೆಯ ಮೇಲೆ ಗೊತ್ತಿತ್ತು. ಅದನ್ನು ಕಬ್ಬಿಣದಲ್ಲಿ, ಎಣ್ಣೆ ಮೆತ್ತಿದ ಕೈಯಲ್ಲಿ ಕಾಣುವ ಅವಕಾಶ ಒದಗಿದ್ದು ನಮ್ಮ ಅಕ್ಕ 2021ರ ಕೊನೆಯಲ್ಲಿ ಹಳೆಯದೊಂದು ಪವರ್ ಮಷೀನನ್ನು ಮನೆಗೆ ತಂದ ಮೇಲೆ.

ಪವರ್ ಮಷೀನು ಎಂದರೆ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಸಾಲುಸಾಲಾಗಿ ಕಾಣುವ, ಮೇಜಿನ ಅಡಿಯಲ್ಲಿ ಮೋಟಾರು ಇರುವ ಯಂತ್ರ. ಮನೆಯ ಕಾಲು ಮಷೀನಿನಲ್ಲಿ ಕಾಲು ಎಷ್ಟು ಬೇಗ ತುಳಿಯಿತೋ ಅಷ್ಟೇ ಹೊಲಿಗೆ. ಇದರಲ್ಲಿ ಹಾಗಲ್ಲ. ಅಕ್ಕ ತಂದಂಥ ಜೂಕಿ ಯಂತ್ರ ನಿಮಿಷಕ್ಕೆ 5000ಕ್ಕೂ ಹೆಚ್ಚು ಹೊಲಿಗೆ ಹಾಕಬಲ್ಲದು. ಈ ಜೂಕಿಯ ಕತೆಯೂ ಸ್ವಾರಸ್ಯವಾದದ್ದೇ. 1938ರಲ್ಲಿ ಟೋಕಿಯೊದಲ್ಲಿ ಆರಂಭವಾದ ಈ ಸಂಸ್ಥೆ ಮೊದಲು ಮಾಡುತ್ತಿದ್ದದ್ದು ಬಂದೂಕು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅದು ಹೊಲಿಗೆ ಯಂತ್ರಕ್ಕೆ ಕೈಹಾಕಿತು. ಬಂದೂಕಿನ ನಳಿಕೆ ಕೊರೆಯಲು ಬೇಕಾದ ನಿಖರತೆಯೇ ಹೊಲಿಗೆ ಯಂತ್ರದ ದಂಡಕ್ಕೂ ಬೇಕು. ಕೆಲಸ ಬದಲಾಯಿತು, ಕೈ ಬದಲಾಗಲಿಲ್ಲ.

ಅಕ್ಕ ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ 18 ವರ್ಷ ದುಡಿದವಳು. ಬೆಳಿಗ್ಗೆ ಐದಕ್ಕೆದ್ದು ಅಡುಗೆ ಮುಗಿಸಿ, ಡಬ್ಬಿ ಕಟ್ಟಿಕೊಂಡು ಬಸ್ಸು ಹಿಡಿದರೆ ಮನೆ ಸೇರುವ ಹೊತ್ತಿಗೆ ದೀಪ ಹತ್ತಿರುತ್ತಿತ್ತು. ಅವಳ ಕೆಲಸ ಷರ್ಟಿನ ಕಾಲರ್ ಹೊಲಿಯುವುದು. ಕಾಲರ್ ಮಾತ್ರ. ತೋಳು ಇನ್ನೊಬ್ಬಳದು, ಜೇಬು ಮತ್ತೊಬ್ಬಳದು, ಗುಂಡಿ ಇನ್ನಾರದೋ. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ಟು. ಗಂಟೆ ಮುಗಿಯುತ್ತಲೂ ಬೋರ್ಡಿನ ಮೇಲೆ ಅಂಕಿ ಬೀಳುತ್ತಿತ್ತು. ಅಂಕಿ ಕಡಿಮೆಯಾದರೆ ಮಾತು ಬೀಳುತ್ತಿತ್ತು. ಲಕ್ಷಾಂತರ ಕಾಲರ್ ಹೊಲಿದ ಅಕ್ಕ ಒಂದು ಇಡೀ ಷರ್ಟನ್ನು ತಾನೇ ಹೊಲಿದಿರಲಿಲ್ಲವೆಂದರೆ ಕೇಳಿದವರು ನಂಬುವುದಿಲ್ಲ.

2016ರ ಏಪ್ರಿಲ್ ನಿಮಗೆ ನೆನಪಿರಬಹುದು. ಭವಿಷ್ಯ ನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಎರಡನೆಯ ದಿನವೇ ಕೇಂದ್ರ ಸರ್ಕಾರ ಆ ನಿಯಮವನ್ನು ಕೈಬಿಟ್ಟಿತು. ಆ ಗುಂಪಿನಲ್ಲಿ ಅಕ್ಕನೂ ಇದ್ದಳು. ಮುಂದೆ ಮಂಡಿನೋವು, ಸೊಂಟನೋವು ಸೇರಿ ಅವಳು ಕೆಲಸ ಬಿಟ್ಟಾಗ ಕೈಗೆ ಬಂದದ್ದು ಅದೇ ಪಿ.ಎಫ್. ಹಣ. ಅದರಲ್ಲಿ ಮಗಳ ಕಾಲೇಜಿನ ಶುಲ್ಕಕ್ಕೆಂದು ಒಂದು ಭಾಗ ತೆಗೆದಿಟ್ಟು, ಉಳಿದದ್ದರಲ್ಲಿ ಒಂಬತ್ತು ಸಾವಿರ ಕೊಟ್ಟು, ಮುಚ್ಚಿಹೋದ ಸಣ್ಣ ಹೊಲಿಗೆ ಘಟಕವೊಂದರಿಂದ ಈ ಮಷೀನು ಕೊಂಡಳು. ಮನೆಯಲ್ಲೇ ಕೂತು ನಾಲ್ಕು ಕಾಸು ಸಂಪಾದಿಸುವುದು ಅವಳ ಲೆಕ್ಕ. ಹೀಗಾಗಿ ಆ ಕಬ್ಬಿಣದ ತುಂಡು ಓಡುತ್ತದೋ ಇಲ್ಲವೋ ಎಂಬುದು ನಮಗೆ ಬರಿಯ ಕುತೂಹಲದ ವಿಷಯವಾಗಿರಲಿಲ್ಲ.

ಅದು ಓಡುವ ಸ್ಥಿತಿಯಲ್ಲಿರಲಿಲ್ಲ. ಎರಡು ವರ್ಷ ಮೂಲೆಯಲ್ಲಿ ನಿಂತು ಕೈಚಕ್ರ ಬಿಗಿದುಕೊಂಡಿತ್ತು. ಒಳಗಿನ ಎಣ್ಣೆ ಒಣಗಿ ಹಲಸಿನ ಮೇಣದಂತಾಗಿತ್ತು. ನೂಲಿನ ಧೂಳು ಅದರೊಡನೆ ಸೇರಿ ಎಲ್ಲ ಸಂದುಗಳಲ್ಲಿ ಅಂಟಿಕೊಂಡಿತ್ತು. ನಾನು ಭಾನುವಾರ ಸ್ಕ್ರೂಡ್ರೈವರು, ಸ್ಪ್ಯಾನರುಗಳ ಚೀಲ ತೆಗೆದುಕೊಂಡು ಹೋದಾಗ ದ್ವಿತೀಯ ಪಿ.ಯು.ಸಿ. ವಿಜ್ಞಾನ ಓದುತ್ತಿದ್ದ ಅಕ್ಕನ ಮಗಳು, "ಮಾಮ, ನಾನೂ ಬರ್ತೀನಿ" ಎಂದು ಹತ್ತಿರ ಬಂದು ಕೂತಳು. ಅಕ್ಕನಿಗೆ ಅದು ಸರಿಬೀಳಲಿಲ್ಲ.

"ನಿನ್ನ ಕೈ ಇದಕ್ಕೆ ತಾಗೋದು ಬೇಡ ಅಂತಲೇ ನಾನು ಇಷ್ಟು ವರ್ಷ ತುಳಿದದ್ದು. ಎದ್ದು ಹೋಗಿ ಓದಿಕೋ" ಎಂದಳು.

ಈ ಮಾತಿನ ಹಿಂದಿನ ನೋವು ಅರ್ಥವಾಗದ್ದೇನಲ್ಲ. ತಾವು ಪಟ್ಟ ಪಾಡು ಮಕ್ಕಳಿಗೆ ಬೇಡ ಎಂದು ಬಯಸದ ತಂದೆತಾಯಿ ಯಾರಿದ್ದಾರೆ? ಆದರೆ ಮಷೀನಿನ ಮುಂದೆ ಕೂತು ದುಡಿಯುವುದು ಬೇರೆ, ಮಷೀನನ್ನು ಬಿಚ್ಚಿ ನೋಡುವುದು ಬೇರೆ. ಮೊದಲನೆಯದರಲ್ಲಿ ಯಂತ್ರ ನಮ್ಮನ್ನು ನಡೆಸುತ್ತದೆ. ಎರಡನೆಯದರಲ್ಲಿ ನಾವು ಅದರ ಮನಸ್ಸನ್ನು ಓದುತ್ತೇವೆ. "ಇದೂ ಓದೇ ಬಿಡಕ್ಕ, ಇವಳ ಭೌತಶಾಸ್ತ್ರದ ಪುಸ್ತಕದ ಅರ್ಧ ಇದರ ಹೊಟ್ಟೆಯಲ್ಲಿದೆ" ಎಂದೆ. ಅಕ್ಕ ಉತ್ತರ ಕೊಡದೆ ಒಳಗೆ ಹೋದಳು. ಹುಡುಗಿ ಎದ್ದು ಹೋಗಲಿಲ್ಲ.

ಬಿಗಿದ ಯಂತ್ರವನ್ನು ಬಲದಿಂದ ತಿರುಗಿಸಬಾರದು. ಇದು ಮೊದಲ ಪಾಠ. ಮೋಟಾರಿನ ಪ್ಲಗ್ಗು ಕಿತ್ತು, ಬೆಲ್ಟು ಕಳಚಿ, ಯಂತ್ರದ ತಲೆಯನ್ನು ಹಿಂದಕ್ಕೆ ವಾಲಿಸಿದೆವು. ಅಡಿಯಲ್ಲಿ ಎಣ್ಣೆಯ ತೊಟ್ಟಿ. ಅದರ ತಳದ ಗಸಿಯನ್ನು ಬಳಿದು ತೆಗೆದು, ಸೀಮೆಎಣ್ಣೆಯಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಕೀಲನ್ನು ತೊಳೆದೆವು. ಕೀಲುಗಳಿಗೆ ತೆಳು ಎಣ್ಣೆ ಹನಿಸಿ ರಾತ್ರಿಯಿಡೀ ಬಿಟ್ಟೆವು. ಹುಡುಗಿ ತಲೆ ಒಣಗಿಸುವ ಬಿಸಿಗಾಳಿಯ ಯಂತ್ರ ತಂದು, ಸೀಮೆಎಣ್ಣೆ ಪೂರ್ತಿ ಒರೆಸಿ ಆರಿದ ಮೇಲೆ, ಬಿಗಿದ ಜಾಗಗಳಿಗೆ ಹಿಡಿದಳು. ಕಾದರೆ ಗಸಿ ಕರಗುತ್ತದೆ ಎಂಬುದು ಅವಳ ತರ್ಕ. ಮೂರನೆಯ ದಿನ ಕೈಚಕ್ರ ಒಂದು ಎಳೆಯಷ್ಟು ಅಲುಗಿತು. ಹುಕ್ಕಿನ ಸುತ್ತ ಸಿಕ್ಕಿಕೊಂಡಿದ್ದ ದಾರದ ತುಂಡುಗಳನ್ನು ಚಿಮಟಿಯಲ್ಲಿ ಎಳೆದು ತೆಗೆದ ಮೇಲೆ ಪೂರ್ತಿ ಒಂದು ಸುತ್ತು ಬಂತು.

ಇನ್ನು ಆ ಹುಕ್ಕಿನ ವಿಚಾರ. ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಯಂತ್ರದ ಸೂಜಿಗೆ ಕಣ್ಣಿರುವುದು ತುದಿಯಲ್ಲಿ. ಅದರ ಒಂದು ಮಗ್ಗುಲಲ್ಲಿ ಉದ್ದಕ್ಕೂ ಕಾಲುವೆಯಂಥ ಗೀರು, ಇನ್ನೊಂದು ಮಗ್ಗುಲಲ್ಲಿ ಕಣ್ಣಿನ ಸ್ವಲ್ಪ ಮೇಲೆ ಒಂದು ತಗ್ಗು. ಸೂಜಿ ಕೆಳಗಿಳಿದು ಮತ್ತೆ ಮೇಲೇರತೊಡಗಿದಾಗ ಕಾಲುವೆಯೊಳಗಿನ ದಾರ ಸಲೀಸಾಗಿ ಜಾರುತ್ತದೆ. ತಗ್ಗಿನ ಕಡೆಯ ದಾರ ಮಾತ್ರ ಬಟ್ಟೆಗೆ ಒತ್ತಿಕೊಂಡು ಹಿಂದೆ ಉಳಿಯುತ್ತದೆ. ಹಾಗೆ ಉಳಿದದ್ದು ಹೊರಕ್ಕೆ ಉಬ್ಬಿ ಪುಟ್ಟ ಕುಣಿಕೆಯಾಗುತ್ತದೆ. ಸರಿಯಾಗಿ ಆ ಗಳಿಗೆಗೆ, ಕೆಳಗೆ ಗಿರಗಿರನೆ ತಿರುಗುತ್ತಿರುವ ಹುಕ್ಕಿನ ಮೊನೆ ಬಂದು ಕುಣಿಕೆಯನ್ನು ಹಿಡಿದು ಅಗಲಿಸಿ, ಬಾಬಿನ್ನಿನ ಗೂಡನ್ನೇ ಸುತ್ತುಹಾಕಿಸಿ ಬಿಡುತ್ತದೆ. ಗೂಡು ಯಾವುದಕ್ಕೂ ಬೆಸೆದುಕೊಂಡಿಲ್ಲ. ಹುಕ್ಕಿನೊಳಗೆ ಸಡಿಲವಾಗಿ ಕೂತಿದೆ. ಅದು ತಾನೂ ತಿರುಗದಂತೆ ಒಂದು ಸಣ್ಣ ಕಬ್ಬಿಣದ ಬೆರಳು ತಡೆಹಿಡಿದಿದೆ. ದಾರ ನುಸುಳುವಷ್ಟು ಜಾಗ ಅಲ್ಲಿದೆ. ಇಡೀ ರಹಸ್ಯ ಇಷ್ಟೇ. ಮೇಲಿನ ದಾರದ ಕುಣಿಕೆಯೊಳಗಿಂದ ಕೆಳಗಿನ ದಾರದ ಉಂಡೆಯೇ ಹಾಯ್ದುಹೋಗುತ್ತದೆ.

ಒಂದು ಹೊಲಿಗೆಗೆ ಹುಕ್ಕು ಎರಡು ಸುತ್ತು ಹಾಕುತ್ತದೆ. ನಿಮಿಷಕ್ಕೆ 3000 ಹೊಲಿಗೆ ಎಂದರೆ ಸೆಕೆಂಡಿಗೆ 50 ಹೊಲಿಗೆ, ಹುಕ್ಕಿಗೆ 100 ಸುತ್ತು. ಇಷ್ಟು ವೇಗದಲ್ಲಿ ಸೂಜಿ, ಹುಕ್ಕುಗಳ ಭೇಟಿ ಒಮ್ಮೆಯೂ ತಪ್ಪಬಾರದು. ಸೂಜಿ ಅತಿ ಕೆಳಗಿನ ಬಿಂದುವಿನಿಂದ ಸುಮಾರು 2.2 ಮಿಲಿಮೀಟರ್ ಮೇಲೆ ಬಂದಾಗ ಹುಕ್ಕಿನ ಮೊನೆ ಸೂಜಿಯ ನಟ್ಟನಡುವೆ ಇರಬೇಕು. ಎರಡರ ನಡುವಿನ ಅಂತರ 0.04ರಿಂದ 0.1 ಮಿಲಿಮೀಟರ್, ಎಂದರೆ ಹೆಚ್ಚುಕಡಿಮೆ ಒಂದು ತಲೆಗೂದಲು. ಇದನ್ನು ಅಳೆಯುವುದು ಹೇಗೆಂದು ಹುಡುಗಿ ಸ್ಕೇಲು ಹಿಡಿದು ಪೇಚಾಡುತ್ತಿದ್ದಳು. ಸೂಜಿ ಹಿಡಿಯುವ ದಂಡದ ಮೇಲಿನ ಕಂದು ಗಸಿಯನ್ನು ಒರೆಸಿದಾಗ ಅಲ್ಲಿ ಕೂದಲೆಳೆಯಂಥ ಗೆರೆಗಳು ಕಂಡವು. ಒಂದು ಗೆರೆ ಸೂಜಿಯ ಎತ್ತರಕ್ಕೆ, ಇನ್ನೊಂದು ಹುಕ್ಕಿನ ಭೇಟಿಗೆ. ತಯಾರಿಸಿದವರು ಮುಂದೆಂದೋ ರಿಪೇರಿ ಮಾಡುವವರಿಗಾಗಿ ಕೊರೆದಿಟ್ಟ ಗುರುತುಗಳು ಅವು. "ಮಾಮ, ಇದು ನಮಗೆ ಬರೆದ ಕಾಗದ!" ಎಂದು ಹುಡುಗಿ ಕುಣಿದಳು.

ಗೆರೆಗೆ ಗೆರೆ ಕೂಡಿಸಿ, ಹುಕ್ಕಿನ ತಿರುಪು ಬಿಗಿದು, ಕೈಚಕ್ರ ತಿರುಗಿಸಿ ನೋಡಿದೆವು. ತೆಳು ಬಟ್ಟೆಯ ಮೇಲೆ ಹೊಲಿಗೆ ಬಿತ್ತು. ಪ್ಯಾಂಟಿನ ಬಟ್ಟೆಯನ್ನು ಮಡಿಸಿ ಕೊಟ್ಟರೆ ನಡುನಡುವೆ ಹೊಲಿಗೆ ತಪ್ಪುತ್ತಿತ್ತು. ನಾವಿಬ್ಬರೂ ಗೆರೆಗಳನ್ನು ಮತ್ತೆ ಮತ್ತೆ ನೋಡಿದೆವು, ಎಲ್ಲ ಸರಿಯಾಗಿಯೇ ಇತ್ತು. ಅಡುಗೆಮನೆಯಿಂದ ಅಕ್ಕನ ದನಿ ಬಂತು.

"ಸೂಜಿ ಹುಕ್ಕಿಗೆ ತಾಗ್ತಿದೆ ಕಣೋ. ಟಿಕ್ ಅನ್ನೋದು ಕೇಳಿಸಲ್ವಾ?"

ನಮಗೆ ಏನೂ ಕೇಳಿಸಿರಲಿಲ್ಲ. ದೀಪ ಹಿಡಿದು ಬಗ್ಗಿ ನೋಡಿದರೆ ಹುಕ್ಕಿನ ಮೊನೆ ಸೂಜಿಯನ್ನು ಸವರಿಕೊಂಡೇ ಹೋಗುತ್ತಿತ್ತು. ಭೇಟಿಯ ಸಮಯ ಸರಿ, ಅಂತರ ಮಾತ್ರ ಇರಲಿಲ್ಲ. ದಪ್ಪ ಬಟ್ಟೆಯಲ್ಲಿ ಸೂಜಿ ತುಸು ಬಾಗಿದರೂ ಮೊನೆಗೆ ಒರಸಿಕೊಳ್ಳುತ್ತಿತ್ತು. ಅಕ್ಕ ಕೈಯೊರೆಸಿಕೊಂಡು ಬಂದು ಕೂತಳು. ಹುಕ್ಕನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸುವ ತನಕ "ಇನ್ನೂ ಇದೆ, ಇನ್ನೂ ಇದೆ" ಎನ್ನುತ್ತ ಕಿವಿಯಿಂದಲೇ ಅಳತೆ ಹೇಳಿದಳು. ಆಮೇಲೆ ಬಾಬಿನ್ ಗೂಡನ್ನು ದಾರದ ತುದಿಯಲ್ಲಿ ಜೋತುಬಿಟ್ಟು ಕೈ ಮೆಲ್ಲನೆ ಜಗ್ಗಿದಳು. ಗೂಡು ಒಂದಿಷ್ಟು ಜಾರಿ ನಿಂತಿತು. "ಕೆಳದಾರದ ಟೆನ್ಷನ್ ಸರಿಯಿದೆ. ದಡಕ್ಕನೆ ಬಿದ್ದರೆ ಸಡಿಲ, ಅಲ್ಲಾಡದಿದ್ದರೆ ಬಿಗಿ" ಎಂದು ಮಗಳಿಗೆ ತೋರಿಸಿದಳು. ಸೂಜಿ ತೂರುವ ತಟ್ಟೆಯ ರಂಧ್ರದ ಅಂಚನ್ನು ಉಗುರಿನಿಂದ ಸವರಿ, ಇಲ್ಲಿ ಗಾಯವಾಗಿದೆ, ದಾರ ಕತ್ತರಿಸುತ್ತದೆ ಎಂದಳು. ನುಣುಪು ಎಮರಿ ಕಾಗದದಲ್ಲಿ ಉಜ್ಜಿದ ಮೇಲೆ ದಾರ ಹರಿಯುವುದು ನಿಂತಿತು.

"ಇದನ್ನೆಲ್ಲ ನಿಮಗೆ ಕಲಿಸಿದ್ರಾ ಅಮ್ಮ?" ಎಂದು ಹುಡುಗಿ ಕೇಳಿದಳು.

"ಯಾರು ಕಲಿಸ್ತಾರೆ? ಮೆಕ್ಯಾನಿಕ್ಕು ಬರೋ ಮೊದಲೇ ನನಗೆ ಗೊತ್ತಾಗ್ತಿತ್ತು ಏನಾಗಿದೆ ಅಂತ. ನಾವು ಸ್ಕ್ರೂಡ್ರೈವರ್ ಮುಟ್ಟೋ ಹಾಗಿರಲಿಲ್ಲ, ಅಷ್ಟೆ."

ಹದಿನೆಂಟು ವರ್ಷ ಬೋರ್ಡಿನ ಮೇಲೆ ಲೆಕ್ಕಕ್ಕೆ ಬಂದದ್ದು ಪೀಸು ಮಾತ್ರ. ಈ ಕಿವಿ, ಈ ಉಗುರು ಯಾವ ಅಂಕಿಯಲ್ಲೂ ಸೇರಿರಲಿಲ್ಲ. ಅಂದಿನಿಂದ ಅಕ್ಕ ಮಗಳನ್ನು ಮಷೀನಿನ ಬಳಿಯಿಂದ ಎಬ್ಬಿಸಲಿಲ್ಲ.

ರಿಪೇರಿ ಮುಗಿಯಿತು. ಉಳಿದದ್ದು ಸುಧಾರಣೆ. ಹಳೆಯ ಮೋಟಾರು ಕ್ಲಚ್ ಮಾದರಿಯದು, ಅರ್ಧ ಅಶ್ವಶಕ್ತಿ. ಸ್ವಿಚ್ಚು ಹಾಕಿದ ಕ್ಷಣದಿಂದ ಆರಿಸುವವರೆಗೆ ಅದು ಒಂದೇ ಸಮನೆ, ನಿಮಿಷಕ್ಕೆ ಮೂರು ಸಾವಿರಕ್ಕೆ ತುಸು ಕಡಿಮೆ ಸುತ್ತು ತಿರುಗುತ್ತಲೇ ಇರುತ್ತದೆ. ಹೊಲಿಯದಿದ್ದರೂ ಗುಂಯ್‌ಗುಟ್ಟುತ್ತದೆ, ವಿದ್ಯುತ್ತು ತಿನ್ನುತ್ತದೆ. ಪೆಡಲು ಒತ್ತಿದಾಗ ತಿರುಗುವ ಬಿಲ್ಲೆಗೆ ಇನ್ನೊಂದು ಬಿಲ್ಲೆ ಒತ್ತಿಕೊಂಡು ಯಂತ್ರ ಓಡುತ್ತದೆ. ನಿಧಾನವಾಗಿ ಹೊಲಿಯಬೇಕಾದರೆ ಕಾಲನ್ನು ಕೂದಲೆಳೆಯಷ್ಟೇ ಒತ್ತಿ ಹಿಡಿಯಬೇಕು. ಮಂಡಿನೋವಿನ ಅಕ್ಕನಿಗೆ ಅದೇ ಕಷ್ಟ. ಈಚಿನ ಸರ್ವೋ ಮೋಟಾರು ಹಾಗಲ್ಲ. ಪೆಡಲು ಒತ್ತಿದಾಗ ಮಾತ್ರ ತಿರುಗುತ್ತದೆ, ಬಿಟ್ಟರೆ ನಿಂತು ಸುಮ್ಮನಾಗುತ್ತದೆ. ಎಷ್ಟೇ ಜೋರಾಗಿ ಒತ್ತಿದರೂ ಇಷ್ಟಕ್ಕಿಂತ ಹೆಚ್ಚು ವೇಗ ಬೇಡ ಎಂದು ಮೊದಲೇ ನಿಗದಿ ಮಾಡಬಹುದು. ಬೆಂಗಳೂರಿನಲ್ಲಿ ಸುಮಾರು ಐದು ಸಾವಿರಕ್ಕೆ ಒಂದು ಸಿಕ್ಕಿತು. ಹಳೆಯ ಮೋಟಾರಿದ್ದ ರಂಧ್ರಗಳಿಗೇ ಬೋಲ್ಟು ಹಾಕಿ ಕೂರಿಸಿದೆವು. ಜಾಗ ಬದಲಾದ್ದರಿಂದ ಬೆಲ್ಟು ಸ್ವಲ್ಪ ಗಿಡ್ಡದು ಬೇಕಾಯಿತು. ಬೆಲ್ಟು ಹಾಕುವ ಮುನ್ನ ಮೋಟಾರು ತಿರುಗುವ ದಿಕ್ಕನ್ನು ಪರೀಕ್ಷಿಸಿದೆವು. ಈ ಯಂತ್ರದ ಕೈಚಕ್ರ ಹೊಲಿಯುವವರ ಕಡೆಗೇ ತಿರುಗಬೇಕು. ಹುಡುಗಿ ಎರಡು ಪುಲ್ಲಿಗಳ ವ್ಯಾಸ ಅಳೆದು, ಮೋಟಾರಿನ ಎಷ್ಟು ಸುತ್ತಿಗೆ ಎಷ್ಟು ಹೊಲಿಗೆ ಎಂದು ಲೆಕ್ಕ ಹಾಕಿ ಮೇಜಿನ ಮೇಲೆ ಚೀಟಿ ಅಂಟಿಸಿದಳು.

ತೊಟ್ಟಿಗೆ ಹೊಸ ಬಿಳಿ ಎಣ್ಣೆ ತುಂಬಿ ಓಡಿಸಿದಾಗ ತಲೆಯ ಮೇಲಿನ ಪುಟ್ಟ ಗಾಜಿನ ಕಿಂಡಿಯಲ್ಲಿ ಎಣ್ಣೆ ಚಿಮ್ಮುವುದು ಕಂಡಿತು. ಪಂಪು ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ವೇಗವನ್ನು ಎಷ್ಟಕ್ಕೆ ಇಡಲಿ ಎಂದು ಮಗಳು ಕೇಳಿದಳು. ಅಕ್ಕ ಒಂದು ಗಳಿಗೆ ಸುಮ್ಮನಿದ್ದು, "ಇದನ್ನು ಇದುವರೆಗೂ ಯಾರೂ ನನ್ನ ಕೇಳಿರಲಿಲ್ಲ" ಎಂದಳು. ಆಮೇಲೆ ತಾನೇ ಗುಂಡಿ ತಿರುಗಿಸಿದಳು. ಕುಪ್ಪಸದ ಕತ್ತು ಹೊಲಿಯುವಾಗ ಒಂದು ವೇಗ, ಚೀಲದ ಉದ್ದ ಹೊಲಿಗೆಗೆ ಇನ್ನೊಂದು.

1924ರ ನವೆಂಬರಿನಲ್ಲಿ 'ಯಂಗ್ ಇಂಡಿಯಾ'ದಲ್ಲಿ ಪ್ರಕಟವಾದ ಒಂದು ಸಂಭಾಷಣೆ ನನಗೆ ನೆನಪಾಗುತ್ತದೆ. ಯಂತ್ರಗಳ ಹುಚ್ಚನ್ನು ವಿರೋಧಿಸುತ್ತಿದ್ದ ಗಾಂಧೀಜಿ ಅಲ್ಲಿ ಸಿಂಗರ್ ಹೊಲಿಗೆ ಯಂತ್ರವನ್ನು ಮಾತ್ರ ಹೊರತುಪಡಿಸಿ, ಮನುಷ್ಯನ ಶ್ರಮ ಉಳಿಸುವ ಪ್ರೀತಿ ಅದರ ಹಿಂದಿದೆ ಎಂಬ ಅಭಿಪ್ರಾಯ ಕೊಟ್ಟಿದ್ದರು. ಅದಕ್ಕೂ ಮೊದಲು, ಫ್ರಾನ್ಸಿನಲ್ಲಿ 1830ರಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದ ತಿಮೋನಿಯೆ ಎಂಬ ದರ್ಜಿಯ ಯಂತ್ರಗಳನ್ನು, ಹೊಟ್ಟೆಗೆ ಕಲ್ಲು ಬಿತ್ತೆಂದು ಹೆದರಿದ ಇತರ ದರ್ಜಿಗಳೇ ನುಗ್ಗಿ ಮುರಿದುಹಾಕಿದ್ದರು. ಒಂದೇ ಯಂತ್ರ, ಒಬ್ಬರಿಗೆ ಪ್ರೀತಿ, ಇನ್ನೊಬ್ಬರಿಗೆ ಭಯ. ಎರಡೂ ಸುಳ್ಳಲ್ಲ. ಯಂತ್ರ ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕಿಂತ ಅದರ ವೇಗವನ್ನು ನಿಗದಿ ಮಾಡುವವರು ಯಾರು ಎಂಬುದೇ ದೊಡ್ಡ ಪ್ರಶ್ನೆಯೆಂದು ನನಗನ್ನಿಸುತ್ತದೆ. ಸುಧಾರಣೆಯೆಂದರೆ ಎಲ್ಲರೂ ಇನ್ನಷ್ಟು ವೇಗ ಎಂದುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಸುಧಾರಣೆಯೆಂದರೆ ನಿಧಾನ ಮಾಡುವ ಗುಂಡಿಯೊಂದು ಅಕ್ಕನ ಕೈಗೆ ಬಂದದ್ದು.

ಅಕ್ಕ ಶ್ರೀಮಂತಳೇನೂ ಆಗಿಲ್ಲ. ಬೀದಿಯ ಮಕ್ಕಳ ಸಮವಸ್ತ್ರ, ಲಂಗ, ಅಂಗಡಿಗಳಿಗೆ ಬಟ್ಟೆಯ ಚೀಲ ಹೊಲಿಯುತ್ತಾಳೆ. ಗಾರ್ಮೆಂಟ್ಸಿನ ಸಂಬಳದಷ್ಟು ಎಲ್ಲ ತಿಂಗಳೂ ಬರುವುದಿಲ್ಲ. ಆದರೆ ಮಂಡಿ ನೊಂದಾಗ ಎದ್ದು ನಾಲ್ಕು ಹೆಜ್ಜೆ ಓಡಾಡಬಹುದು. ಪಕ್ಕದ ದರ್ಜಿಯ ಹೆಂಡತಿಯಿಂದ ಕಟಿಂಗ್ ಕಲಿತು, ಕಾಲರಿನಿಂದ ಗುಂಡಿಯವರೆಗೆ ಒಂದು ಇಡೀ ಷರ್ಟನ್ನು ತಾನೇ ಹೊಲಿದಿದ್ದಾಳೆ. ಅದನ್ನು ಮಾರದೆ ಗೋಡೆಗೆ ನೇತುಹಾಕಿದ್ದಾಳೆ. ಮಗಳು ಈಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಅಮ್ಮನ ಮಷೀನಿನಿಂದಲೇ ಹೀಗಾಯಿತು ಎಂದು ನಾನು ಹೇಳಲಾರೆ. ರಜೆಯಲ್ಲಿ ಬಂದರೆ ಮೊದಲು ಎಣ್ಣೆಯ ಮಟ್ಟ ನೋಡುತ್ತಾಳೆ ಎಂಬುದಂತೂ ನಿಜ.

ತಂದೆತಾಯಿಯರಲ್ಲಿ ಒಂದು ಮಾತು. ಮಕ್ಕಳ ಕೈಗೆ ಎಣ್ಣೆ ಮೆತ್ತಿದರೆ ಓದು ಕೆಟ್ಟಿತೆಂದು ಹೆದರಬೇಡಿ. ನೀವು ದುಡಿದ ಕೆಲಸದ ಬಗ್ಗೆ ನಾಚಿ ಅದನ್ನು ಅವರಿಂದ ಮುಚ್ಚಿಡಲೂ ಬೇಡಿ. ವಿದ್ಯಾರ್ಥಿಗಳಲ್ಲಿ ಇನ್ನೊಂದು ಮಾತು. ಮನೆಯ ಮೂಲೆಯಲ್ಲಿ ಹಳೆಯ ಯಂತ್ರವಿದ್ದರೆ ಗುಜರಿಗೆ ಹಾಕುವ ಮೊದಲು ಬಿಚ್ಚಿ ನೋಡಿ. ಪ್ಲಗ್ಗು ಕಿತ್ತ ಮೇಲೆ ಮಾತ್ರ ಕೈ ಹಾಕಿ. ಸರ್ವೋ ಮೋಟಾರಿನ ಪೆಟ್ಟಿಗೆಯನ್ನು ಮಾತ್ರ ನೀವಾಗಿ ತೆರೆಯಬೇಡಿ. ಪ್ಲಗ್ಗು ಕಿತ್ತ ಮೇಲೂ ಅದರೊಳಗೆ ಕೆಲವು ನಿಮಿಷ ವಿದ್ಯುತ್ತು ಉಳಿದಿರುತ್ತದೆ. ಕಳಚಿದ ತಿರುಪುಗಳನ್ನು ಕಳಚಿದ ಕ್ರಮದಲ್ಲೇ ತಟ್ಟೆಯಲ್ಲಿಡಿ. ಬಿಗಿದದ್ದನ್ನು ಬಡಿಯಬೇಡಿ, ಎಣ್ಣೆ ಹಾಕಿ ಕಾಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಆ ಯಂತ್ರವನ್ನು ವರ್ಷಗಟ್ಟಲೆ ನಡೆಸಿದವರು ಮನೆಯಲ್ಲಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಪುಸ್ತಕದಲ್ಲಿಲ್ಲದ ಒಂದೆರಡು ಅಧ್ಯಾಯಗಳು ಅವರ ಕಿವಿಯಲ್ಲಿರುತ್ತವೆ.